ಅಪ್ಪನಿಗೆ ಫೋರ್ಟಿಗೆ ಹೋಗಬೇಕಿತ್ತು

ಅಪ್ಪ ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬೈಗೆ ಬಂದು ನಗರದ ದಕ್ಷಿಣದ ಫೋರ್ಟ್ ಪ್ರದೇಶದ ಒಂದು ಕ್ಯಾಂಟೀನಿಗೆ ಸೇರಿದರು. ಹಗಲು ಲೋಟ ತೊಳೆಯುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಹತ್ತನೇ ಕ್ಲಾಸು ಪಾಸಾದದ್ದೂ ಅಲ್ಲೇ, ಮುಂದೆ ಗಲ್ಲೆಯಲ್ಲಿ ಕೂತದ್ದೂ ಅಲ್ಲೇ. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತ ಮೇಲೆ ನಗರದ ಉತ್ತರದ ಬೋರಿವಲಿಯ ನಮ್ಮ ಮನೆ ಬಿಟ್ಟರೆ ಆಸ್ಪತ್ರೆ, ಆಸ್ಪತ್ರೆ ಬಿಟ್ಟರೆ ಮನೆ. ಟಿವಿಯಲ್ಲಿ ಫೋರ್ಟಿನ ಹುತಾತ್ಮ ಚೌಕ್ ಕಂಡರೆ ಸಾಕು, "ಒಂದ್ ಸಲ ನೋಡ್ಕಂಡ್ ಬಪ್ಪ ಮಾರಾಯ್ತಿ" ಎನ್ನುತ್ತಿದ್ದರು.

ಹೋಗುವುದು ಹೇಗೆ? ರಿಕ್ಷಾ ಬಾಂದ್ರಾ ದಾಟುವಂತಿಲ್ಲ. ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ, ಗಾಲಿಕುರ್ಚಿಗೆ ಜಾಗ ಎಲ್ಲಿ? ಮೇಲಿನ ಕ್ಯಾರಿಯರ್‌ಗೆ ಹಗ್ಗದಲ್ಲಿ ಕಟ್ಟಬೇಕು. ಅದಕ್ಕೆ ಒಪ್ಪುವ ಡ್ರೈವರ್ ಸಿಗಬೇಕು. ಲೋಕಲ್ ರೈಲಿನಲ್ಲಿ ದಿವ್ಯಾಂಗರ ಡಬ್ಬ ಇದೆ, ನಿಜ. ಅದು ಎಲ್ಲಿ ಬಂದು ನಿಲ್ಲುತ್ತದೆ ಎಂದು ಕಣ್ಣು ಕಾಣದವರಿಗೆ ತಿಳಿಯಲಿ ಅಂತ ಪ್ಲಾಟ್‌ಫಾರ್ಮಿನಲ್ಲಿ ಬೀಪ್ ಶಬ್ದವೂ ಕೇಳಿಸುತ್ತದೆ. ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು ಕೂಡ ಅದರಲ್ಲಿ ಹತ್ತಬಹುದು. ಆದರೆ ಪ್ಲಾಟ್‌ಫಾರ್ಮಿಗಿಂತ ಡಬ್ಬದ ನೆಲ ಎತ್ತರ, ನಡುವೆ ಸಂದು, ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಇಬ್ಬರು ಗಟ್ಟಿ ಆಳುಗಳು ಕುರ್ಚಿಯನ್ನು ಎತ್ತಿ ಒಳಗೆ ಇಡಬೇಕು. ಅಪ್ಪನಿಗೆ ಆಗದೇ ಇರುವುದೇ ಅದು. "ಗೋಣಿಚೀಲ ಎತ್ತಿದ ಹಾಂಗೆ ಎತ್ಬೇಡಿ" ಎಂದು ಆಸ್ಪತ್ರೆಯ ವಾರ್ಡ್‌ಬಾಯ್‌ಗೂ ಹೇಳಿದ್ದಾರೆ.

2025ರ ಅಕ್ಟೋಬರಿನಲ್ಲಿ ನೆಲದಡಿಯ ಮೆಟ್ರೋ 3 ಕಫ್ ಪರೇಡ್‌ವರೆಗೆ ಓಡತೊಡಗಿತು. ಆಗ ನಕ್ಷೆ ಹಿಡಿದು ಕೂತೆ. ಮನೆ ಹತ್ತಿರದಿಂದ ಮೆಟ್ರೋ 7ರಲ್ಲಿ ಗುಂಡವಲಿ. ಅಲ್ಲಿಂದ ಸೇತುವೆ ಮೇಲೆ ದಾಟಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್, ಮೆಟ್ರೋ 1ರಲ್ಲಿ ಮರೋಳ್ ನಾಕಾ. ಅಲ್ಲಿ ಕೆಳಗಿಳಿದು ಮೆಟ್ರೋ 3 ಹಿಡಿದರೆ ನೇರ ಹುತಾತ್ಮ ಚೌಕ್. ಎರಡು ಕಡೆ ಗಾಡಿ ಬದಲಾಯಿಸಬೇಕು, ಆದರೆ ಎಲ್ಲೂ ಮೆಟ್ಟಿಲು ಹತ್ತಬೇಕಾಗಿಲ್ಲ. ಮಳೆ ಮುಗಿದ ಮೇಲೆ ಒಂದು ಶನಿವಾರ ಹೊರಟೇ ಬಿಟ್ಟೆವು.

ಮೊದಲ ತೊಡಕು ಮೆಟ್ರೋದಲ್ಲಿ ಬರಲಿಲ್ಲ, ಮನೆಯ ಬೀದಿಯಲ್ಲೇ ಬಂತು. ಫುಟ್‌ಪಾತಿನ ಮೇಲೆ ಬೈಕ್ ನುಗ್ಗಬಾರದು ಅಂತ ಅದರ ತುದಿಯಲ್ಲಿ ಸ್ಟೀಲಿನ ಕಂಬ ನೆಟ್ಟಿದ್ದಾರೆ. ಅಪ್ಪನ ಕುರ್ಚಿ ಅಗಲ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಕಂಬಗಳ ನಡುವಿನ ಜಾಗ ಅದಕ್ಕಿಂತ ಕಡಿಮೆ. ಬೈಕಿನವರು ಹ್ಯಾಂಡಲ್ ಓರೆ ಮಾಡಿಕೊಂಡು ಆರಾಮಾಗಿ ನುಸುಳುತ್ತಾರೆ. ಕುರ್ಚಿಗೆ ಓರೆಯಾಗಲು ಬರುವುದಿಲ್ಲ ಅಲ್ವಾ? ಹಾಗಾಗಿ ಸ್ಟೇಷನ್‌ವರೆಗೂ ರಸ್ತೆಯಲ್ಲೇ ನೂಕಿದೆ. ಹಿಂದಿನಿಂದ ಟೆಂಪೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಅಪ್ಪ ಒಂದೇ ಕೈಯಲ್ಲಿ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು.

ಈ ಕಂಬದ ಸಂಕಟ ನಮ್ಮದೊಂದೇ ಅಲ್ಲ. 2023ರಲ್ಲಿ ಮುಂಬೈಯ ಗಾಲಿಕುರ್ಚಿ ಬಳಕೆದಾರರೊಬ್ಬರು ಇದನ್ನೇ ಬರೆದು ಕಳಿಸಿದಾಗ ಬಾಂಬೆ ಹೈಕೋರ್ಟ್ ತಾನಾಗಿಯೇ ಅದನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ತೆಗೆದುಕೊಂಡಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಕಲಮು ಓದಿದರೆ ಬಸ್ಸು, ರೈಲಿನ ಜೊತೆಗೆ ರಸ್ತೆಯ ಮಾತೂ ಇದೆ. ಕಾನೂನು ಬರೆದವರಿಗೆ ಗೊತ್ತಿತ್ತು, ಪ್ರಯಾಣ ಶುರುವಾಗುವುದು ಮನೆಯ ಗೇಟಿನಿಂದ ಅಂತ.

ಸ್ಟೇಷನ್ ಒಳಗೆ ಹೋದ ಮೇಲೆ ಬೇರೆಯೇ ಲೋಕ. ಲಿಫ್ಟಿನ ಗುಂಡಿಗಳು ಕೂತವರ ಕೈಗೆ ಎಟುಕುವ ಹಾಗಿವೆ, ಪಕ್ಕದಲ್ಲಿ ಬ್ರೈಲ್ ಚುಕ್ಕಿ. ನೆಲದಲ್ಲಿ ಕುರುಡರ ಕೋಲಿಗೆ ಸಿಗುವ ಹಳದಿ ಪಟ್ಟಿ. ಟಿಕೆಟ್ ಗೇಟುಗಳಲ್ಲಿ ಒಂದು ಅಗಲದ್ದು. ಸೆಕ್ಯುರಿಟಿ ಹುಡುಗಿ "ಕಾಕಾ, ಆರಾಮಾತ್ ಯಾ" (ನಿಧಾನವಾಗಿ ಬನ್ನಿ) ಎಂದು ಮುಂದೆ ಬಂದಳು. ಮೆಟ್ರೋ 7 ಮತ್ತು 2ಎಯಲ್ಲಿ 65 ದಾಟಿದವರಿಗೆ, ವಿಕಲಚೇತನರಿಗೆ 2023ರ ಮೇ 1ರಿಂದ ಶೇ. 25 ರಿಯಾಯಿತಿ ಇದೆ. ಅದನ್ನು ಹೇಳಿದ್ದಕ್ಕೆ ಅಪ್ಪನಿಗೆ ಖುಷಿ. ಗಲ್ಲೆಯಲ್ಲಿ ಕೂತ ಮನುಷ್ಯ, ಲೆಕ್ಕ ಬಿಡುತ್ತಾರಾ!

ಗಾಡಿ ಬಂತು. ಬಾಗಿಲು ತೆರೆಯಿತು. ನಾನು ನೂಕಲು ಹೋದೆ. "ಕೈ ಬಿಡು" ಅಂದರು ಅಪ್ಪ.

ಅರ್ಧ ದೇಹ ಸೋತವರು ಗಾಲಿಕುರ್ಚಿ ಓಡಿಸುವುದಕ್ಕೆ ಒಂದು ರೀತಿ ಇದೆ. ಒಂದೇ ಕೈಯಲ್ಲಿ ಚಕ್ರ ತಿರುಗಿಸಿದರೆ ಕುರ್ಚಿ ಸುಮ್ನೆ ಸುತ್ತು ಹೊಡೆಯುತ್ತದೆ. ಹಾಗಾಗಿ ಆ ಬದಿಯ ಕಾಲನ್ನು ಪಾದದ ಹಲಗೆಯಿಂದ ಇಳಿಸಿ, ಹಿಮ್ಮಡಿ ನೆಲಕ್ಕೆ ಊರಿ, ಕಾಲಲ್ಲಿ ದಿಕ್ಕು ಹಿಡಿಯಬೇಕು, ಕೈಯಲ್ಲಿ ಚಕ್ರ ತಳ್ಳಬೇಕು. ಫಿಸಿಯೋಥೆರಪಿಯವರು ಕಲಿಸಿದ್ದನ್ನು ಅಪ್ಪ ಮನೆಯ ಹಾಲಿನಲ್ಲಿ ಮಾತ್ರ ಮಾಡಿದ್ದರು. ಇಲ್ಲಿ ಪ್ಲಾಟ್‌ಫಾರ್ಮೂ ಗಾಡಿಯ ನೆಲವೂ ಒಂದೇ ಮಟ್ಟ, ಸಂದು ಬಹಳ ಸಣ್ಣದು. ಬಲಗಾಲು ಊರಿದರು, ಬಲಗೈ ತಳ್ಳಿತು, ಮುಂದಿನ ಸಣ್ಣ ಚಕ್ರ ಟಕ್ ಎಂದು ದಾಟಿತು. ಒಳಗೆ ಹೋಗಿ ಕುರ್ಚಿಯ ಜಾಗದಲ್ಲಿ ಅವರೇ ಬ್ರೇಕ್ ಹಾಕಿಕೊಂಡರು. ಯಾರೂ ಎತ್ತಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ನನಗೆ ಮಾತ್ರ ಗಂಟಲು ಕಟ್ಟಿತು.

ಮರೋಳ್ ನಾಕಾದಲ್ಲಿ ಲಿಫ್ಟಿಗಾಗಿ ಸ್ವಲ್ಪ ಕಾಯಬೇಕಾಯಿತು, ಅಷ್ಟೇ. ಹೋಗುವವರಿಗೆ ಒಂದು ಮಾತು: ಸ್ಟೇಷನ್ನಿನ ಎಲ್ಲ ದಾರಿಯಲ್ಲೂ ಲಿಫ್ಟ್ ಇರುತ್ತದೆ ಅಂದುಕೊಳ್ಳಬೇಡಿ. ಯಾವ ಬಾಗಿಲಲ್ಲಿ ಇದೆ ಎಂದು ಗಾಡಿ ಇಳಿದ ಕೂಡಲೇ ಸಿಬ್ಬಂದಿಯನ್ನು ಕೇಳಿ. ಇಲ್ಲದಿದ್ದರೆ ಅಷ್ಟುದ್ದ ವಾಪಸ್ ಬರಬೇಕಾಗುತ್ತದೆ.

ಫೋರ್ಟಿನಲ್ಲಿ ಅಪ್ಪನೇ ದಾರಿ ಹೇಳಿದರು. ಕ್ಯಾಂಟೀನ್ ಇದ್ದ ಕಡೆ ಈಗ ಮೊಬೈಲ್ ಅಂಗಡಿ. ಹತ್ತಿರದ ಒಂದು ಉಡುಪಿ ಹೋಟೆಲಿಗೆ ಹೋದೆವು. ಬಾಗಿಲಿಗೆ ಎರಡು ಮೆಟ್ಟಿಲು, ಎರಡೂ ಸೇರಿ ಒಂದಡಿ ಎತ್ತರ, ಅದರ ಮೇಲೆ ಹಲಗೆ ಹಾಕಿದ್ದರು. ಮನಸ್ಸು ಒಳ್ಳೆಯದೇ. ಆದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಲೆಕ್ಕ. ಈ ಹಲಗೆ ಮೂರಡಿಯದ್ದು, ಅದನ್ನು ಹತ್ತುವುದು ಗೋಡೆ ಹತ್ತಿದ ಹಾಗೆಯೇ. ಮಾಣಿಗಳು ಓಡಿಬಂದು ಎತ್ತಲು ನಿಂತರು. ಅಪ್ಪ ಬೇಡ ಎಂದರು. ಕಾಫಿ, ಬನ್ಸ್ ಹೊರಗೇ ತರಿಸಿಕೊಂಡರು. ಬೈಂದೂರಿನ ಒಬ್ಬ ಮಾಣಿ ಪಕ್ಕದಲ್ಲೇ ನಿಂತು ಊರಿನ ಮಾತಾಡಿದ.

ಈಗ ನಮ್ಮ ಕಟ್ಟಡದ ಹಿರಿಯರೆಲ್ಲ ಸೇರಿ ಒಂದು ಅರ್ಜಿ ಬರೆದಿದ್ದೇವೆ. ಕಂಬಗಳನ್ನೆಲ್ಲ ಕೀಳಿ ಎಂದು ಕೇಳಿಲ್ಲ. ಮೂರು ಕಂಬಗಳಲ್ಲಿ ನಡುವಿನದನ್ನು ಸರಿಸಿ, ಕುರ್ಚಿ ಹೋಗುವಷ್ಟು ಜಾಗ ಬಿಡಿ ಎಂದು ಅಳತೆ ಸಮೇತ, ಫೋಟೋ ಸಮೇತ ಕೊಟ್ಟಿದ್ದೇವೆ. ಮಂಡಿನೋವಿನ ಅಜ್ಜಿಯಂದಿರೂ, ಮಗುವಿನ ಗಾಡಿ ನೂಕುವ ತಾಯಂದಿರೂ ಸಹಿ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ, ಬರುವವರೆಗೂ ಕೇಳುತ್ತೇವೆ.

ಅಪ್ಪನಿಗೆ ಮುಂದೆ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಬೇಕಂತೆ. ಆ ಬಾಗಿಲಿನವರೆಗೆ ಮೆಟ್ರೋ ಇಲ್ಲ. ಗಾಲಿಕುರ್ಚಿಯಲ್ಲಿ ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದರೆ, ಯಾವ ಕಡೆಯಿಂದ ಹೋದರೆ ಎತ್ತಿಸಿಕೊಳ್ಳದೆ ಒಳಗೆ ಮುಟ್ಟಬಹುದು, ದಯವಿಟ್ಟು ಹೇಳಿ.