ಇಳಿತದ ಲೆಕ್ಕ ತಪ್ಪಿದ ಪುಸ್ತಕ

ಕುಮಟೆಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಕೌಂಟರಿನ ಬಲಗಡೆ, ಕೆಮ್ಮಿನ ಸಿರಪ್ ಇಡುವ ಕಪಾಟಿನ ಪಕ್ಕ, 2025ರ ಮಾರ್ಚಿನಿಂದ ಒಂದು ಪುಸ್ತಕದ ರಾಶಿ ಕೂತಿದೆ. ಹೆಸರು ‘ಬಳಚಿನ ಬುಟ್ಟಿ’, ಮಕ್ಕಳ ಕಾದಂಬರಿ. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ. ಬರೆದವಳೂ ನಾನೇ, ಪ್ರಕಾಶಕಿಯೂ ನಾನೇ, ಮಾರುವವಳೂ ನಾನೇ. ಗಿರಾಕಿಗಳು ಕೈಗೆತ್ತಿಕೊಂಡು ಮೊದಲು ಕೇಳುವುದು, “ಇದಕ್ಕೆ ಎಷ್ಟು ಕಡಿಮೆ ಮಾಡ್ತೀರಿ?” ಮಾತ್ರೆಗೆ ಕೇಳಿದ ಹಾಗೇ.

500 ಪ್ರತಿ ಮಾಡಿಸಿದ್ದೆ. ಈಗ 22 ಉಳಿದಿವೆ. ಇದನ್ನು ಕೇಳಿ ಇಬ್ಬರು ಗೆಳತಿಯರು, “ಅಯ್ಯೋ, ನಮಗೂ ಹೇಳು, ನಾವೂ ಮಾಡಿಸ್ತೇವೆ” ಅಂದರು. ಅವರಿಗೆ ಫೋನಿನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

2024ರ ಜನವರಿ ಕೊನೆಗೆ ನಮ್ಮ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು ಎಂದು ಪೇಪರಿನಲ್ಲಿ ಬಂತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಂತೆ. ಅದೇ ದಿನ ಅಂಗಡಿಗೆ ಬಂದಿದ್ದ ಒಬ್ಬಳು ಹುಡುಗಿಯ ಕಾಲಿಗೆ ಬಳಚಿನ ಚಿಪ್ಪು ಕೊಯ್ದು ರಕ್ತ ಬರುತ್ತಿತ್ತು. ಅಜ್ಜಿಯ ಜೊತೆ ಇಳಿತದ ಹೊತ್ತಿಗೆ, ಅಂದರೆ ಸಮುದ್ರದ ನೀರು ಹಿಂದೆ ಸರಿದಾಗ, ಹೊಳೆಗೆ ಇಳಿದಿದ್ದಳಂತೆ. ಟಿಂಚರ್ ಹಚ್ಚುವಾಗ ಅವಳಿಗೆ ಪೇಪರ್ ತೋರಿಸಿದೆ. “ಇದು ನಮ್ಮ ಹೊಳೆಯಾ?” ಅಂತ ಕೇಳಿದಳು. ಕಾದಂಬರಿ ಶುರುವಾದದ್ದು ಅಲ್ಲಿಂದ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತು. ಆಗ ಮೊಬೈಲಿನಲ್ಲೇ ಬರೆದೆ. ನಾಗಿ ಎಂಬ ಹನ್ನೊಂದು ವರ್ಷದ ಹುಡುಗಿ, ಅವಳ ಅಜ್ಜಿ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವ ಒಂದು ತುಂಡು ಗಜನಿ, ಅಂದರೆ ಅಳಿವೆ ಬದಿಯ ತಗ್ಗು ಗದ್ದೆ. ನಾಲ್ಕು ತಿಂಗಳಲ್ಲಿ ಮುಗಿಯಿತು.

ಆರು ಪ್ರಕಾಶಕರಿಗೆ ಕಳಿಸಿದೆ. ಮೂವರು ಉತ್ತರಿಸಲಿಲ್ಲ. ಒಬ್ಬರು ಬಹಳ ಮರ್ಯಾದೆಯಿಂದ ಫೋನ್ ಮಾಡಿ, “ಮಕ್ಕಳ ಕಾದಂಬರಿ ಹೋಗುವುದಿಲ್ಲ ಮೇಡಂ, 24 ಪುಟದ ಬಣ್ಣದ ಕಥೆ ಇದ್ದರೆ ಕೊಡಿ” ಅಂದರು. ಇನ್ನೊಬ್ಬರು ನಾನೇ 200 ಪ್ರತಿ ಕೊಳ್ಳುವುದಾದರೆ ಮುದ್ರಿಸುತ್ತೇವೆ ಅಂದರು. ಆರನೆಯವರು ಒಂದು ವರ್ಷ ಕಾಯಲು ಹೇಳಿದರು. ಈಗ ಯೋಚಿಸಿದರೆ ಕಾಯಬಹುದಿತ್ತು. ಆದರೆ 49 ದಾಟಿದವಳಿಗೆ ಮೊದಲ ಪುಸ್ತಕದ ಆತುರ ಜಾಸ್ತಿ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಸಹಾಯಧನವೂ ಯುವ ಬರಹಗಾರರಿಗೆ. ಆ ವಯಸ್ಸಿನಲ್ಲಿ ನಾನು ಮಕ್ಕಳ ಡೈಪರ್ ಲೆಕ್ಕ ಹಾಕುತ್ತಿದ್ದೆ.

ಸರಿ, ನಾನೇ ಮಾಡಿಸುತ್ತೇನೆ ಅಂದುಕೊಂಡೆ. ಡೆಮಿ 1/8, ಅಂದರೆ ಮಾಮೂಲು ಕಾದಂಬರಿಯ ಅಳತೆ, 112 ಪುಟ. ಪುಸ್ತಕ 16 ಪುಟದ ಫಾರಂ ಲೆಕ್ಕದಲ್ಲಿ ಮುದ್ರಣವಾಗುತ್ತದೆ, ಹಾಗಾಗಿ 112 ಅಂದರೆ ಸರಿಯಾಗಿ ಏಳು ಫಾರಂ. 115 ಪುಟ ಆಗಿತ್ತು, ಮೂರು ಪುಟ ಕತ್ತರಿಸಿದೆ. ಕತ್ತರಿಸಿದ ಮೇಲೆ ಕಥೆಗೇ ಒಳ್ಳೆಯದಾಯಿತು. ಒಳಗೆ 70 ಜಿಎಸ್‌ಎಂ ತೂಕದ ಕಾಗದ, ಕಪ್ಪು ಗೆರೆಯ 14 ಚಿತ್ರ. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಒಬ್ಬ ಪುಣ್ಯಾತ್ಮ ಎರಡು ಸಾವಿರ ಕೇಳಿದ್ದ. ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಆನ್‌ಲೈನಿನಲ್ಲಿ ಪುಕ್ಕಟೆ ಕೊಡುತ್ತದೆ.

ಖರ್ಚು ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ಚಿತ್ರಗಳಿಗೆ 18,000, ಡಿಟಿಪಿ ಅಂದರೆ ಅಕ್ಷರ ಜೋಡಣೆಗೆ 4,000, ಮುದ್ರಣಕ್ಕೆ 34,000, ಸಾಗಣೆಗೆ 1,200. ಒಟ್ಟು 57,200. ಒಂದು ಪ್ರತಿಗೆ 114 ರೂಪಾಯಿ ಬಿತ್ತು. ನಾನು ಬೆಲೆ ಇಟ್ಟದ್ದು 150. ಪ್ರತಿಗೆ 36 ಲಾಭ ಅಂತ ಮನೆಯಲ್ಲಿ ಜಂಬ ಕೊಚ್ಚಿದೆ. ಪುಸ್ತಕದಂಗಡಿಯವರು 40 ಪರ್ಸೆಂಟ್ ಕಮಿಷನ್ ಅಂದಾಗ ಜಂಬ ಇಳಿಯಿತು. ಅಂದರೆ ನನ್ನ ಕೈಗೆ 90. ಒಂದೊಂದು ಪುಸ್ತಕ ಮಾರಿದಾಗಲೂ 24 ರೂಪಾಯಿ ನಷ್ಟ! ದಿನಾ ಮಾರ್ಜಿನ್ ಲೆಕ್ಕ ಹಾಕಿ ಬದುಕುವ ಔಷಧಿ ಅಂಗಡಿಯವಳು ನಾನು. ಸ್ವಂತ ಪುಸ್ತಕದ ವಿಷಯದಲ್ಲಿ ಬುದ್ಧಿ ಎಲ್ಲಿ ಹೋಗಿತ್ತೋ.

ಅಂಗಡಿಯವರನ್ನು ಬೈಯುವ ಹಾಗಿಲ್ಲ. ಅವರಿಗೂ ಬಾಡಿಗೆ, ಕರೆಂಟು ಇದೆ. 75 ಪ್ರತಿ ಕೊಟ್ಟಿದ್ದೆ, 40 ಹೋದವು, 35 ವಾಪಸ್ ಬಂದವು. ಬಂದವುಗಳ ಮೂಲೆ ಮಡಚಿತ್ತು.

ಇದಕ್ಕಿಂತ ದೊಡ್ಡ ಪೆದ್ದುತನ ಮಾರ್ಚಿನಲ್ಲಿ ಬಿಡುಗಡೆ ಇಟ್ಟುಕೊಂಡದ್ದು. ಮಾರ್ಚ್ ಅಂದರೆ ಪರೀಕ್ಷೆ. ಸಭೆಗೆ ಎಪ್ಪತ್ತು ಜನ ಬಂದಿದ್ದರು, ಅದರಲ್ಲಿ ಮಕ್ಕಳು ನಾಲ್ಕು. ಇಬ್ಬರು ನನ್ನ ಅಕ್ಕನ ಮೊಮ್ಮಕ್ಕಳು. ಮುಖ್ಯ ಅತಿಥಿಗಳು ಮಕ್ಕಳ ಸಾಹಿತ್ಯದ ಅವನತಿ ಕುರಿತು ಮುಕ್ಕಾಲು ಗಂಟೆ ಮಾತಾಡಿದರು. ಆ ನಾಲ್ಕರಲ್ಲಿ ಒಬ್ಬ ನಿದ್ದೆ ಹೋದ. 61 ಪ್ರತಿ ಮಾರಾಟವಾಯಿತು ನಿಜ, ಕೊಂಡವರೆಲ್ಲ ದೊಡ್ಡವರು. ಅದರಲ್ಲಿ ಎಷ್ಟು ಪುಸ್ತಕ ಮಕ್ಕಳ ಕೈಗೆ ಹೋಯಿತೋ, ಎಷ್ಟು ಶೋಕೇಸಿನಲ್ಲಿ ಗಣಪತಿಯ ಹಿಂದೆ ನಿಂತಿತೋ.

ಅಂಚೆಯ ಕಥೆ ಬೇರೆ. ನನ್ನ ಲೆಕ್ಕವೆಲ್ಲ ಬುಕ್ ಪೋಸ್ಟ್ ನಂಬಿಕೊಂಡದ್ದು. ಆ ಅಗ್ಗದ ಸೇವೆ 2024ರ ಡಿಸೆಂಬರಿನಲ್ಲೇ ನಿಂತುಹೋಗಿತ್ತು, ನನಗೆ ಗೊತ್ತಾದದ್ದು ಮೊದಲ ಕಟ್ಟು ಹಿಡಿದುಕೊಂಡು ಹೋದಾಗ. 150 ರೂಪಾಯಿ ಪುಸ್ತಕಕ್ಕೆ ಪಾರ್ಸೆಲ್ ದುಡ್ಡು ಕೇಳಿ ದೂರದ ಓದುಗರು ಹಿಂದೆ ಸರಿದರು. 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಜ್ಞಾನ ಪೋಸ್ಟ್ ಅಂತ ಅಗ್ಗದ ಅಂಚೆ ಶುರುವಾಯಿತು. ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ. ನನ್ನ ಪುಸ್ತಕ 140 ಗ್ರಾಂ, ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ. ತೆಳು ಲಕೋಟೆ ಆದರೆ ಎರಡು ಪ್ರತಿ ಒಂದರಲ್ಲೇ ಕೂರುತ್ತವೆ. ಹಾಗಾಗಿ ಈಗ ಫೋನ್ ಮಾಡಿದವರಿಗೆಲ್ಲ, “ಪಕ್ಕದ ಮನೆಯ ಮಗುವಿಗೂ ಒಂದು ತಗೊಳ್ಳಿ, ಅಂಚೆ ಖರ್ಚು ಅಷ್ಟೇ” ಅನ್ನುತ್ತೇನೆ. ಅರ್ಧಕ್ಕರ್ಧ ಜನ ಒಪ್ಪುತ್ತಾರೆ.

ಪುಸ್ತಕ ನಿಜವಾಗಿ ಹೋಗಲು ಶುರುವಾದದ್ದು ಜೂನ್ ಕಳೆದ ಮೇಲೆ, ಶಾಲೆಗಳಲ್ಲಿ. ಮೊದಲ ಶಾಲೆಯಲ್ಲಿ ನಾನೂ ಭಾಷಣ ಮಾಡಿದೆ. ಓದುವ ಹವ್ಯಾಸ, ಮೊಬೈಲ್ ದುಷ್ಪರಿಣಾಮ, ಇತ್ಯಾದಿ. ಒಂದು ಪ್ರತಿಯೂ ಹೋಗಲಿಲ್ಲ. ಎರಡನೇ ಶಾಲೆಯಲ್ಲಿ ಗಂಟಲು ಕಟ್ಟಿತ್ತು. ಭಾಷಣ ಬಿಟ್ಟು ಸುಮ್ನೆ ಎರಡನೇ ಅಧ್ಯಾಯ ಓದಿದೆ. ನಾಗಿಯ ಕಾಲು ಕೆಸರಿನಲ್ಲಿ ಹುಗಿದು, ಹೆಬ್ಬೆರಳಿಗೆ ಬಳಚು ಅಲ್ಲದ ಏನೋ ಒಂದು ತಗಲುತ್ತದೆ. ಅಲ್ಲಿಗೆ ದನಿ ಪೂರ್ತಿ ಕೈಕೊಟ್ಟಿತು. ಪುಸ್ತಕ ಮುಚ್ಚಿದೆ. “ಏನದು? ಏನದು?” ಅಂತ ಇಡೀ ತರಗತಿ ಎದ್ದು ನಿಂತಿತು. ಅಲ್ಲಿಂದ ಎಲ್ಲ ಶಾಲೆಯಲ್ಲೂ ಅದೇ ಸಾಲಿನಲ್ಲಿ ಬೇಕೆಂದೇ ನಿಲ್ಲಿಸುತ್ತೇನೆ. ಹನ್ನೊಂದು ಶಾಲೆಗಳಲ್ಲಿ 212 ಪ್ರತಿ ಹೋಗಿವೆ. ಮಕ್ಕಳ ಹತ್ತಿರ 150 ರೂಪಾಯಿ ಇರುವುದಿಲ್ಲ. ಅಲ್ಲಿ ನೂರಕ್ಕೇ ಕೊಡುತ್ತೇನೆ. ಕೆಲವು ಕಡೆ ಇಬ್ಬರು ಸೇರಿ ಒಂದು ಕೊಳ್ಳುತ್ತಾರೆ. ಒಂದು ವಾರ ಇವನ ಮನೆ, ಒಂದು ವಾರ ಅವಳ ಮನೆ. ನಷ್ಟ ಅಲ್ವಾ ಅಂತ ಕೇಳಬೇಡಿ, ಲೆಕ್ಕ ಮೇಲೆ ಕೊಟ್ಟಿದ್ದೇನೆ.

ಶಾಲೆಗೆ ಹೋಗಿ ಬೈಸಿಕೊಂಡದ್ದೂ ಉಂಟು. ನಾನು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಡಿಟಿಪಿಯವರು ಅದನ್ನು ತಮ್ಮ ಹಳೇ ಫಾಂಟಿಗೆ ಪರಿವರ್ತಿಸುವಾಗ ಅಲ್ಲಲ್ಲಿ ಒತ್ತಕ್ಷರ ಉದುರಿದೆ. ನಾನು ಎರಡು ಸಲ ಪ್ರೂಫ್ ನೋಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಬರೆದವರ ಕಣ್ಣು ಇಲ್ಲದ ಒತ್ತನ್ನೂ ಓದಿಕೊಳ್ಳುತ್ತದೆ. ನಾಲ್ಕನೇ ಕ್ಲಾಸಿನ ಒಬ್ಬಳು ಪೆನ್ಸಿಲಿನಲ್ಲಿ ಗುರುತು ಹಾಕಿ ತಂದಳು. “ಟೀಚರ್, 43ನೇ ಪುಟದಲ್ಲಿ ಹಕ್ಕಿ ಹಾರಿಲ್ಲ, ಹಕಿ ಹಾರಿದೆ.” ಒಟ್ಟು ಒಂಬತ್ತು ತಪ್ಪು. ನಾನು ಟೀಚರ್ ಅಲ್ಲ ಅಂತ ಹೇಳುವ ಧೈರ್ಯ ಆಗ ಇರಲಿಲ್ಲ.

ಇನ್ನೊಂದು ತಪ್ಪು ಫಾಂಟಿನದ್ದಲ್ಲ, ನನ್ನದೇ. ಹೊಳೆ ದಂಡೆಯ ಒಂದು ಸರಕಾರಿ ಶಾಲೆ. ಆರನೇ ಕ್ಲಾಸಿನ ಒಬ್ಬ ಹುಡುಗ ಕೊನೆಯ ಬೆಂಚಿನಿಂದ ಕೈ ಎತ್ತಿದ. “ನಾಗಿ ಮೂರು ದಿನವೂ ಸಂಜೆ ನಾಲ್ಕಕ್ಕೇ ಹೊಳೆಗೆ ಇಳೀತಾಳೆ. ಮೂರು ದಿನವೂ ಇಳಿತ ನಾಲ್ಕಕ್ಕೇ ಹ್ಯಾಗೆ ಆಗ್ತದೆ?” ಅಂತ ಕೇಳಿದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಚಂದ್ರ ದಿನಾ ಅಷ್ಟು ತಡವಾಗಿ ಬರುತ್ತಾನೆ, ನೀರೂ ಅವನ ಹಿಂದೆ. ಪುಸ್ತಕದಲ್ಲಿ ಓದಿ ನನಗೂ ಗೊತ್ತು. ಅವನಿಗೆ ಗೊತ್ತಿದ್ದದ್ದು ಅಮ್ಮ ಬುಟ್ಟಿ ಹಿಡಿದು ಹೊರಡುವ ಹೊತ್ತಿನಿಂದ. ಆಸ್ಪತ್ರೆ ರಸ್ತೆಯ ಅಂಗಡಿಯಲ್ಲಿ ಕೂತು ಹೊಳೆಯ ಕಥೆ ಬರೆದರೆ ಹೀಗೇ ಆಗುವುದು.

ಮನೆಗೆ ಬಂದು ಗಡಿಯಾರ ಇಟ್ಟುಕೊಂಡು ಮೂರು ಅಧ್ಯಾಯ ತಿದ್ದಲು ಕೂತೆ. ಮೊದಲ ದಿನ ನಾಲ್ಕು ಗಂಟೆ, ಎರಡನೇ ದಿನ ಐದಕ್ಕೆ ಹತ್ತು ನಿಮಿಷ, ಮೂರನೇ ದಿನ ಐದು ನಲವತ್ತು. ಕಥೆ ನಡೆಯುವುದು ನವೆಂಬರಿನಲ್ಲಿ, ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮೂರನೇ ದಿನ ನಾಗಿ ನಡು ಹೊಳೆಯಲ್ಲಿರುವಾಗ ಕತ್ತಲಾಗಬೇಕಿತ್ತು. ಅದಕ್ಕಾಗಿ ನಾನು ಮೊದಲ ಮುದ್ರಣದಲ್ಲಿ ಎಲ್ಲಿಂದಲೋ ಒಂದು ಕರಿಮೋಡ ಎಳೆದು ತಂದಿದ್ದೆ. ಈಗ ಮೋಡವೇ ಬೇಡ. ಕತ್ತಲು ತಾನಾಗಿ ಬರುತ್ತದೆ, ಅದೂ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ನಾಲ್ಕು ತಿಂಗಳು ಬರೆದಾಗ ಹೊಳೆಯದಿದ್ದದ್ದು ಆ ಹುಡುಗನ ಒಂದು ಪ್ರಶ್ನೆಯಿಂದ ಸಿಕ್ಕಿತು.

ಈ ನಡುವೆ ಪ್ರಕಾಶಕರ ಹುಡುಕಾಟ ನಿಲ್ಲಿಸಿರಲಿಲ್ಲ. ಎರಡನೇ ಮುದ್ರಣಕ್ಕೆ ಮತ್ತೆ 35 ಸಾವಿರ ಹಾಕುವ ಶಕ್ತಿ ನನಗಿಲ್ಲ, ಅಂಗಡಿಗೆ ಮಳೆಗಾಲದ ಸ್ಟಾಕ್ ಬೇರೆ ತರಬೇಕಿತ್ತು. 2025ರ ಮೇ 20ಕ್ಕೆ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಮರುದಿನವೇ ಬೆಂಗಳೂರಿನ ತಮ್ಮ ಫೋನ್ ಮಾಡಿ, “ಅಕ್ಕ, ನಿನಗೊಬ್ಬ ಏಜೆಂಟ್ ಬೇಕು” ಅಂದ. ನನಗೆ ಏಜೆಂಟ್ ಅಂದರೆ ವಿಮೆಯವರು. ವಿಚಾರಿಸಿದೆ. ಲೇಖಕರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡಿ, ಬಂದದ್ದರಲ್ಲಿ 15 ಪರ್ಸೆಂಟೋ ಏನೋ ತೆಗೆದುಕೊಳ್ಳುವವರು. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ ಅನ್ನಬೇಕು. ಕನ್ನಡದಲ್ಲಿ ಲೇಖಕರು ನೇರ ಪ್ರಕಾಶಕರಿಗೆ ಫೋನ್ ಮಾಡುತ್ತಾರೆ, ವಾಟ್ಸಾಪಿನಲ್ಲಿ ಪಿಡಿಎಫ್ ಹಾಕುತ್ತಾರೆ. ಏಜೆಂಟರಿಗೆ ಬೇಕಾದದ್ದು ಇಂಗ್ಲಿಷ್.

ಸೊಸೆಯಾಗಿ ಬಂದವಳು ಇಂಗ್ಲಿಷ್ ಎಂಎ. ಎರಡು ಅಧ್ಯಾಯ ಅನುವಾದ ಮಾಡಿಕೊಟ್ಟಳು. ಗಜನಿಗೆ ಏನು ಹೇಳುವುದು ಅಂತ ಇಬ್ಬರೂ ಒಂದು ರಾತ್ರಿ ಜಗಳಾಡಿ ಕೊನೆಗೆ ಗಜನಿ ಅಂತಲೇ ಬಿಟ್ಟೆವು. ನಾಲ್ಕು ಏಜೆಂಟರಿಗೆ ಕಳಿಸಿದೆ. ಇಬ್ಬರದ್ದು ಮೌನ. ಒಬ್ಬರದ್ದು ಯಂತ್ರ ಬರೆದ ಹಾಗಿದ್ದ ಉತ್ತರ. ನಾಲ್ಕನೆಯವರು ಮಾತ್ರ ಸರಿಯಾಗಿ ಓದಿ ಒಂದು ಪ್ರಶ್ನೆ ಕೇಳಿದರು. ಇದು ಈಗಾಗಲೇ ಪ್ರಕಟವಾಗಿದೆಯಾ? ಎಷ್ಟು ಪ್ರತಿ ಹೋಗಿದೆ? 400 ದಾಟಿದೆ ಅಂತ ಹೆಮ್ಮೆಯಿಂದ ಬರೆದೆ. ಕನ್ನಡದಲ್ಲಿ ಒಂದು ಮುದ್ರಣ ಅಂದರೆ 500, 1000 ಅನ್ನುವುದು ಮಾಮೂಲು. ಅವರಿಗೆ ಆ ಸಂಖ್ಯೆ ಏನೂ ಅಲ್ಲ ಅಂತ ಆಮೇಲೆ ಅರ್ಥವಾಯಿತು.

ಕನ್ನಡದ ಪ್ರಕಾಶಕರದ್ದೂ ಈಗ ಅದೇ ರಾಗ. ಮುದ್ರಿಸುವ ಮೊದಲು “ಇದು ಹೋಗುವುದಿಲ್ಲ” ಅಂದಿದ್ದರು. ಮುದ್ರಿಸಿ ಮಾರಿ ತೋರಿಸಿದರೆ, “ಆಗಲೇ ಬಂದುಹೋಗಿದೆಯಲ್ಲ ಮೇಡಂ” ಅನ್ನುತ್ತಾರೆ. ಎರಡೂ ಮಾತನ್ನು ಹೇಳಿದವರು ಒಬ್ಬರೇ. ತಾರೀಖು ಸಮೇತ ನನ್ನ ಹತ್ತಿರ ಬರೆದಿಟ್ಟಿದೆ.

ಒಬ್ಬರು ಮಾತ್ರ, ಸಣ್ಣ ಪ್ರಕಾಶನದವರು, ಹೋದ ತಿಂಗಳು ಪುಸ್ತಕ ತರಿಸಿ ಓದಿದರು. ನಾನು ತಿದ್ದಿದ ಮೂರು ಅಧ್ಯಾಯವನ್ನೂ ಕಳಿಸಿದ್ದೆ. ಹಳೆಯದು, ಹೊಸದು ಪಕ್ಕಪಕ್ಕ ಇಟ್ಟು ನೋಡಿದರಂತೆ. “ಮೋಡ ತೆಗೆದದ್ದು ಒಳ್ಳೆಯದಾಯಿತು” ಅಂದರು. ಅಷ್ಟು ಗಮನವಿಟ್ಟು ಯಾರೂ ಓದಿರಲಿಲ್ಲ, ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಗಿರಾಕಿಗೆ ಯಾವ ಮಾತ್ರೆ ಕೊಡುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ಒಪ್ಪಂದದ ಮಾತು ಬಂದಾಗ ಅವರು ಮೊದಲು ಕೇಳಿದ್ದು, “ಚಿತ್ರಗಳ ಹಕ್ಕು ಯಾರದ್ದು? ಕಾಗದ ಇದೆಯಾ?” ಇಲ್ಲ. ದುಡ್ಡು ಕೊಟ್ಟಿದ್ದೆ, ಊಟ ಹಾಕಿದ್ದೆ, ಕಾಗದ ಮಾಡಿಸಿರಲಿಲ್ಲ. ನೀವು ಪುಸ್ತಕ ಮಾಡಿಸುವುದಿದ್ದರೆ ಚಿತ್ರ ಬರೆಯುವವರ ಜೊತೆ ಒಂದು ಪುಟದ ಒಪ್ಪಂದ ಮೊದಲೇ ಬರೆದುಕೊಳ್ಳಿ. ನಮ್ಮ ಕಲಾವಿದ ಒಳ್ಳೆಯ ಮನುಷ್ಯ, ನಕ್ಕು ಸಹಿ ಹಾಕಿಕೊಟ್ಟ. ಮುಂದಿನ ಮುದ್ರಣದಲ್ಲಿ ತನ್ನ ಹೆಸರು ಮುಖಪುಟದ ಮೇಲೇ ಇರಬೇಕು ಅಂದ. ನ್ಯಾಯವೇ. ಪ್ರಕಾಶಕರಿಗೆ ಕಾಗದ ಕಳಿಸಿ ಹನ್ನೆರಡು ದಿನ ಆಯಿತು, ಇನ್ನೂ ಏನೂ ಹೇಳಿಲ್ಲ.

ಶನಿವಾರ ಬೆಳಿಗ್ಗೆ ಅಳಿವೆ ದಡದ ತದಡಿ ಕಡೆಯ ಒಂದು ಶಾಲೆಗೆ ಹೋಗಬೇಕು. ಐದು, ಆರು, ಏಳು ಸೇರಿ 31 ಮಕ್ಕಳಂತೆ. ನನ್ನ ಹತ್ತಿರ ಇರುವುದು 22 ಪ್ರತಿ, ಅದರಲ್ಲಿ ಏಳರ ಮೂಲೆ ಮಡಚಿದೆ. ಒಂಬತ್ತೂ ತಪ್ಪುಗಳನ್ನು ರಾತ್ರಿ ಪೆನ್ನಿನಿಂದ ತಿದ್ದುತ್ತಿದ್ದೇನೆ. ಹದಿನಾಲ್ಕು ಮುಗಿದಿವೆ. ಇಳಿತದ ತಪ್ಪು ಹಾಗೇ ಇದೆ, ಅದನ್ನು ಅಲ್ಲಿಯ ಮಕ್ಕಳು ಹಿಡಿಯುತ್ತಾರಾ ನೋಡಬೇಕು.