ಲಾಸ್ಟ್ ಸಿಟಿಯ ಮಣ್ಣುದಾರಿ

ಸಿಡ್ನಿಯಿಂದ ಪಶ್ಚಿಮಕ್ಕೆ ಬ್ಲೂ ಮೌಂಟನ್ಸ್ ಹಾದು ಹೋದರೆ, ಲಿತ್‌ಗೋ ಊರಿನ ಬಳಿ, ಸಮುದ್ರಮಟ್ಟದಿಂದ 1,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ನ್ಯೂನ್ಸ್ ಪ್ರಸ್ಥಭೂಮಿ ಸಿಗುತ್ತದೆ. ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಸಿಗುವ ಗಾಡಿ ಓಡಿಸಲು ಹೊಸದಾಗಿ ಕಲಿಯುವವರಿಗೆ ಅಲ್ಲಿನ ಲಾಸ್ಟ್ ಸಿಟಿ ಎಂಬ ಬಂಡೆಗಳ ಕಣಿವೆಯ ದಾರಿಯೇ ತಕ್ಕದ್ದೆಂದು, ಆ ಕಾಡಿನಲ್ಲಿ ಪಳಗಿದ ಸಹೋದ್ಯೋಗಿಯೊಬ್ಬರು ಒಂದು ಶನಿವಾರ ನನ್ನನ್ನು ಕರೆದೊಯ್ದರು. ಮುಂದೆ ಅವರ ಗಾಡಿ, ಹಿಂದೆ ನನ್ನದು. ಮಾತುಕತೆಯೆಲ್ಲ ಗಾಡಿಯಿಂದ ಗಾಡಿಗೆ ಮಾತಾಡುವ ಯುಎಚ್‌ಎಫ್ ರೇಡಿಯೋದ 10ನೇ ಚಾನೆಲ್ಲಿನಲ್ಲಿ.

ಡಾಂಬರು ಮುಗಿದೊಡನೆ ಅವರು ಟೈರುಗಳ ಗಾಳಿ ಇಳಿಸಲು ಹೇಳಿದರು. 36 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದುದನ್ನು 26ಕ್ಕೆ ತಂದೆವು. ಗಾಳಿ ಕಡಿಮೆಯಾದ ಟೈರು ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ಹಿಡಿಯುತ್ತದೆ, ಕಲ್ಲಿನ ಏಟನ್ನು ತಾಳಿಕೊಳ್ಳುತ್ತದೆ. ಚಕ್ರ ಸುಮ್ಮನೆ ತಿರುಗಿ ದಾರಿಯನ್ನು ಕೊರೆಯುವುದೂ ತಪ್ಪುತ್ತದೆ. ಆದರೆ ವೇಗವನ್ನು ತಗ್ಗಿಸಲೇಬೇಕು, ಹಿಂದಿರುಗುವಾಗ ಗಾಳಿ ತುಂಬಲು ಕಂಪ್ರೆಸರ್ ಜೊತೆಗಿರಬೇಕು.

ಪೈನ್ ತೋಪುಗಳ ಆಚೆ, 2019ರ ಕಾಳ್ಗಿಚ್ಚಿನಲ್ಲಿ ಕರಕಲಾಗಿಯೂ ಮತ್ತೆ ಚಿಗುರಿದ ಯೂಕಲಿಪ್ಟಸ್ ಮರಗಳ ನಡುವೆ, ದಾರಿ ಕಿರಿದಾಗುತ್ತದೆ. ಮಳೆನೀರನ್ನು ಬದಿಗೆ ಹಾಯಿಸಲೆಂದು ಅಡ್ಡಲಾಗಿ ಹಾಕಿದ ಮಣ್ಣಿನ ದಿಬ್ಬಗಳನ್ನು ಓರೆಯಾಗಿ ಏರದೆ ನೇರವಾಗಿ, ನಿಧಾನವಾಗಿ ದಾಟಬೇಕು. ಕಲ್ಲುಗಳ ಇಳಿಜಾರಿನಲ್ಲಿ ಲೋ ರೇಂಜ್‌ನ (ನಿಧಾನವಾಗಿ, ಹೆಚ್ಚು ಬಲದಿಂದ ಸಾಗಲು ಇರುವ ಗೇರುಗಳ) ಮೊದಲ ಗೇರಿಗೆ ಹಾಕಿ ಬ್ರೇಕಿನಿಂದ ಕಾಲು ತೆಗೆಯಿರಿ ಎಂಬ ಸೂಚನೆ ರೇಡಿಯೋದಲ್ಲಿ ಬಂದಾಗ ಎದೆ ನಡುಗಿತು. ಆದರೂ ಇಂಜಿನ್ನೇ ಗಾಡಿಯನ್ನು ಹಿಡಿದು, ನಡಿಗೆಯ ವೇಗದಲ್ಲಿ ಇಳಿಸಿತು.

ನನಗೆ ಹೆಚ್ಚು ಮುಖ್ಯವೆನಿಸಿದ್ದು ನಿಂತ ನೀರಿನ ಗುಂಡಿಗಳ ಪಾಠ. ಸಹೋದ್ಯೋಗಿ ಪ್ರತಿ ಗುಂಡಿಯ ಮುಂದೂ ಇಳಿದು, ಕೋಲಿನಿಂದ ಆಳವನ್ನೂ ತಳದ ಗಟ್ಟಿತನವನ್ನೂ ನೋಡಿದ ಮೇಲೆಯೇ ಗಾಡಿ ಇಳಿಸುತ್ತಿದ್ದರು. ಬದಿಯಲ್ಲಿ ಪೊದೆ ತುಳಿದು ಸುತ್ತಿಹೋದ ಚಕ್ರದ ಗುರುತುಗಳಿದ್ದವು. ಅತ್ತ ತಿರುಗಲು ಅವರು ಬಿಡಲಿಲ್ಲ. ಈ ಪ್ರಸ್ಥಭೂಮಿಯ ಜೌಗುಗಳು ಅಳಿವಿನಂಚಿನ ಬ್ಲೂ ಮೌಂಟನ್ಸ್ ವಾಟರ್ ಸ್ಕಿಂಕ್ ಎಂಬ ಹಲ್ಲಿಜಾತಿಯ ಪ್ರಾಣಿಗೂ ದೈತ್ಯ ಕೊಡತಿಹುಳಗಳಿಗೂ ನೆಲೆ. ದಾರಿ ಬಿಟ್ಟ ಒಂದು ಗಾಡಿಯ ಜಾಡಿನಲ್ಲಿ ಮಳೆನೀರು ಹರಿದು ಹಳ್ಳ ಕೊರೆದರೆ ಜೌಗು ಬತ್ತತೊಡಗುತ್ತದೆ. ಕೆಸರೆರಚುವುದೇ ಸಾಹಸವೆಂದು ಬಗೆದವರಿಗೆ ಇದು ರುಚಿಸಲಾರದು.

ಕೊನೆಯಲ್ಲಿ ಲಾಸ್ಟ್ ಸಿಟಿಯ ಪಗೋಡಾ ಬಂಡೆಗಳು, ತಟ್ಟೆಗಳನ್ನು ಪೇರಿಸಿಟ್ಟಂತೆ, ಕಣಿವೆಯ ತುಂಬ ನಿಂತಿವೆ. ಮರಳುಗಲ್ಲು ಸವೆದರೂ ಅದರ ನಡುವಣ ಕಬ್ಬಿಣಾಂಶದ ಗಟ್ಟಿ ಪದರಗಳು ಸವೆಯದೆ ಉಳಿದು ಈ ಆಕಾರ ಬಂದಿದೆ. ಆ ಪದರಗಳ ಅಂಚು ಕಾಲಿಟ್ಟರೆ ಮುರಿಯುವಷ್ಟು ತೆಳು. ಆದ್ದರಿಂದ ಬುತ್ತಿಯನ್ನು ಗಾಡಿಯ ಬಳಿಯೇ ಬಿಚ್ಚಿದೆವು.