ಸರ್ವರ್ ಎಂದರೆ ಯಾರು?

ಅಡಿಕೆಯ ಎಲೆಚುಕ್ಕೆ ರೋಗ ಯಾವ ಯಾವ ತೋಟಕ್ಕೆ ಇಳಿದಿದೆ ಎಂದು ನಕ್ಷೆಯ ಮೇಲೆ ಗುರುತು ಹಾಕಲು ಯಾವ ತಂತ್ರಾಂಶ ಆದೀತು ಎಂಬ ಚರ್ಚೆ ನಮ್ಮ ಸಹಕಾರ ಸಂಘದಲ್ಲಿ ಬೇಸಿಗೆಯಿಂದಲೂ ನಡೆದೇ ಇತ್ತು. ಅದನ್ನು ಈ ವಾರ ಮುಗಿಸಿಕೊಟ್ಟವರು ಹೊಸನಗರ ತಾಲೂಕಿನ ಒಬ್ಬ ಹಿರಿಯರು. ಕರೆ ಬಂದರೆ ಹಸಿರು ಗುಂಡಿ, ಮಾತು ಮುಗಿದರೆ ಕೆಂಪು ಗುಂಡಿ. ಮೊಬೈಲಿನ ಮಟ್ಟಿಗೆ ಅವರ ವಿದ್ಯೆ ಅಷ್ಟೇ.

ಪುನರ್ವಸು ಮಳೆ ಒಂದಿಷ್ಟು ಹೊಳವು ಕೊಟ್ಟಿತ್ತು. ನಾವು ಮೂವರು ಹೋಗಿದ್ದೆವು: ನಾನು, ಬೆಳೆ ಸಮೀಕ್ಷೆಯಲ್ಲಿ ದುಡಿದು ಅನುಭವವಿರುವ ನಮ್ಮೂರಿನ ಅಕ್ಕ, ಮತ್ತು ಬೆಂಗಳೂರಿನಿಂದ ಬಂದ ಹುಡುಗ. ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲು. ಅದರಲ್ಲಿ ಉಪಗ್ರಹ ಚಿತ್ರ, ಚಿತ್ರದ ಮೇಲೆ ನಾವು ನಿಂತ ಜಾಗಕ್ಕೆ ಒಂದು ನೀಲಿ ಚುಕ್ಕೆ. ಹಿರಿಯರು ಆಗಷ್ಟೇ ಕೆಳಗೆ ಬಿದ್ದಿದ್ದ ಸೋಗೆಯಿಂದ ಒಂದು ಎಲೆ ಸೀಳಿ ತಂದು ತೋರಿಸುತ್ತಿದ್ದರು. ನಡುವೆ ಒಣಗಿದ ಕಂದು, ಸುತ್ತ ಹಳದಿ ಬಳೆ. ಒಂದರ ಪಕ್ಕ ಒಂದು ಬೆಳೆದು ಎಲೆಯ ತುದಿ ಪೂರ್ತಿ ಸುಟ್ಟಂತಾಗಿತ್ತು.

ಹುಡುಗ ಉತ್ಸಾಹದಿಂದ ಹೇಳಿದ: "ನೀವು ಏನೂ ಮಾಡಬೇಕಾಗಿಲ್ಲ ಸರ್. ತೋಟದ ಅಂಚಿನಲ್ಲಿ ನಾನು ಒಂದು ಸುತ್ತು ನಡೆದು ಬರುತ್ತೇನೆ. ನಿಮ್ಮ ತೋಟದ ಗೆರೆ ತಾನಾಗಿ ಬೀಳುತ್ತದೆ. ಆಮೇಲೆ ಅದನ್ನು ಸರ್ವೆ ನಂಬರಿನ ನಕ್ಷೆಯ ಮೇಲೂ ಕೂರಿಸಬಹುದು."

"ಆಮೇಲೆ ಆ ಗೆರೆ ಎಲ್ಲಿಗೆ ಹೋಗುತ್ತದೆ?"

"ಸರ್ವರ್‌ಗೆ ಹೋಗುತ್ತದೆ ಸರ್."

"ಸರ್ವರ್ ಎಂದರೆ ಯಾರು?"

ಹುಡುಗ ನಕ್ಕ. ಅಕ್ಕ ನಗಲಿಲ್ಲ. ಹಿರಿಯರು ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದರು. ಪಡಿತರ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ "ಇವತ್ತು ಸರ್ವರ್ ಇಲ್ಲ" ಎಂದು ಕೇಳಿ ಕೇಳಿ ವಾಪಸ್ ಬಂದವರು ಅವರು. ಸರ್ವರ್ ಎನ್ನುವವನು ಬೇಕಾದಾಗ ಇರುವುದಿಲ್ಲ ಎಂಬುದು ಅವರಿಗೆ ಗೊತ್ತು. ಬೇಡದಾಗ ಬರುತ್ತಾನೋ ಎಂಬುದೇ ಈಗಿನ ಪ್ರಶ್ನೆ.

ಹುಡುಗನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಳ್ಳೆಯವನು. ಉಂಬಳ ಹತ್ತಿದರೂ ಕೂಗಾಡುವುದಿಲ್ಲ, ಸಂಬಳವಿಲ್ಲದೆ ನಮ್ಮ ಕೆಲಸಕ್ಕೆ ಬಂದಿದ್ದಾನೆ. ತಂತ್ರಾಂಶಗಳನ್ನು ಹೋಲಿಸಿ ಅವನು ಮಾಡಿದ ಪಟ್ಟಿ ನೋಡಿದರೆ ಮೆಚ್ಚಲೇಬೇಕು. ಬೆಲೆ, ನೆಟ್‌ವರ್ಕ್ ಇಲ್ಲದೆ ನಡೆಯುತ್ತದೆಯೇ, ಕನ್ನಡ ಬರುತ್ತದೆಯೇ, ಚುಕ್ಕೆ ಮಾತ್ರವೋ ಗೆರೆಯೂ ಆಗುತ್ತದೆಯೋ, ಎಲ್ಲಕ್ಕೂ ಒಂದೊಂದು ಕಂಬಸಾಲು. ಆದರೆ ಆ ಪಟ್ಟಿಯನ್ನು ಎಷ್ಟು ಸಲ ತಿರುವಿ ನೋಡಿದರೂ ಹಿರಿಯರ ಪ್ರಶ್ನೆಗೆ ಅದರಲ್ಲಿ ಸಾಲಿಲ್ಲ.

ಪಟ್ಟಿಯ ಸಂಗತಿಗೆ ಬಂದರೆ, ತಲೆಗಿಷ್ಟು ಎಂದು ವರ್ಷವರ್ಷ ಹಣ ಕೇಳುವ ಎಸ್ರಿ ಕಂಪನಿಯವರ ತಂತ್ರಾಂಶಗಳನ್ನು ನಮ್ಮ ಕಾರ್ಯದರ್ಶಿಗಳು ಮೊದಲ ಸಭೆಯಲ್ಲೇ ಹೊಡೆದುಹಾಕಿದರು. ಉಳಿದವು ಎರಡು ಮನೆತನ. ಒಂದು ಓಡಿಕೆ (ಓಪನ್ ಡೇಟಾ ಕಿಟ್) ಮನೆತನ: 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಕೋಬೋ ಟೂಲ್‌ಬಾಕ್ಸ್ ಕೂಡ ಅದೇ ಬುನಾದಿಯ ಮೇಲೆ ನಿಂತಿದೆ. ಎಕ್ಸೆಲ್ ಹಾಳೆಯಲ್ಲಿ ಪ್ರಶ್ನೆಗಳನ್ನು ಸಾಲಾಗಿ ಬರೆದರೆ ಅದೇ ಮೊಬೈಲಿನಲ್ಲಿ ಫಾರಂ ಆಗುತ್ತದೆ. ಪ್ರಶ್ನೆಯ ಪಕ್ಕದ ಕಂಬಸಾಲಿನಲ್ಲಿ ಕನ್ನಡ ಬರೆದರೆ ಕನ್ನಡದಲ್ಲೇ ಕಾಣುತ್ತದೆ. ಇನ್ನೊಂದು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಮನೆತನ: ಸ್ವಿಟ್ಜರ್ಲೆಂಡಿನವರ ಕ್ಯೂಫೀಲ್ಡ್, ಅದರ ದಾಯಾದಿಯಂತಿರುವ ಮರ್ಜಿನ್ ಮ್ಯಾಪ್ಸ್. ಇಲ್ಲಿ ನಕ್ಷೆಯೇ ಯಜಮಾನ. ಮನೆಯಲ್ಲಿ ಕಂಪ್ಯೂಟರಿನಲ್ಲಿ ಪದರ ಪದರವಾಗಿ ನಕ್ಷೆ ಜೋಡಿಸಿಕೊಂಡು ಮೊಬೈಲಿಗೆ ತುಂಬಿಕೊಂಡು ಹೋಗಬೇಕು. ತೋಟದಲ್ಲಿ ನಿಂತು ಹಳೆಯ ಗೆರೆಯನ್ನು ತಿದ್ದಬಹುದು, ಹೊಸದನ್ನು ಎಳೆಯಬಹುದು. ಮೊದಲನೆಯದು ಪ್ರಶ್ನೆ ಕೇಳುವವರ ಸಲಕರಣೆ, ಎರಡನೆಯದು ನಕ್ಷೆ ಬರೆಯುವವರದು. ಹುಡುಗನಿಗೆ ಎರಡನೆಯದರ ಮೇಲೆ ಪ್ರೀತಿ. ನನಗೂ ಇತ್ತು ಎನ್ನಿ. ಪರದೆಯ ಮೇಲೆ ತೋಟದ ಆಕಾರ ಮೂಡುವುದನ್ನು ನೋಡುವ ಸುಖವೇ ಬೇರೆ.

ನೆಟ್‌ವರ್ಕಿನ ಚಿಂತೆ ಎರಡರಲ್ಲೂ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಬೋರ್ಡು ನೆಟ್ಟ ಸೀಮೆ ನಮ್ಮದು. ತುಂಬಿದ ಫಾರಂ ಮೊಬೈಲಿನಲ್ಲೇ ಕುಳಿತಿದ್ದು, ಸಂಘದ ಕಚೇರಿಗೆ ಬಂದು ವೈಫೈ ಸಿಕ್ಕ ಮೇಲೆ ಹೊರಟರೆ ಸಾಕು.

ಜಿಪಿಎಸ್ ಮಾತ್ರ ಸತಾಯಿಸುತ್ತದೆ. ಬಯಲಿನಲ್ಲಿ ನಾಲ್ಕೈದು ಮೀಟರಿನ ಒಳಗೆ ಜಾಗ ತೋರಿಸುವ ಮೊಬೈಲು ತೋಟದ ಒಳಗೆ, ಅದೂ ಎರಡು ಗುಡ್ಡಗಳ ನಡುವಿನ ಕೊಳ್ಳದಲ್ಲಿ, ಗೊಂದಲಕ್ಕೆ ಬೀಳುತ್ತದೆ. ಓಡಿಕೆಯಲ್ಲಿ ನಿಖರತೆ ಐದು ಮೀಟರಿಗೆ ಇಳಿದರೆ ತಾನಾಗಿ ಜಾಗ ದಾಖಲಾಗುತ್ತದೆ. ಹಾಗೆ ಇಳಿಯುವುದನ್ನು ಕಾಯುತ್ತಾ ಅಕ್ಕ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ನಿಂತಿದ್ದರು. ಇಪ್ಪತ್ತೆರಡು, ಹದಿನಾಲ್ಕು, ಒಂಬತ್ತು, ಮತ್ತೆ ಹದಿನೇಳು. ಅಡಿಕೆ ಎಲೆಯಿಂದ ಜಾರಿದ ಹನಿ ಪರದೆಯ ಮೇಲೆ ಬಿದ್ದರೆ ಅದನ್ನೇ ಬೆರಳೆಂದು ತಿಳಿದು ಮೊಬೈಲು ಎಲ್ಲೆಲ್ಲೋ ಹಾರುತ್ತಿತ್ತು. ಅವರು ಸೆರಗಿನಲ್ಲಿ ಒರೆಸಿ ಮತ್ತೆ ಎತ್ತಿ ಹಿಡಿದರು. ಇಂಥ ಜಾಗದಲ್ಲಿ ಅಂಚು ಹಿಡಿದು ನಡೆದು ಎಳೆಯುವ ಗೆರೆ ಹೇಗಿದ್ದೀತು? ಹತ್ತು ಮೀಟರ್ ಆಚೀಚೆ. ರೋಗದ ಲೆಕ್ಕಕ್ಕೆ ಹತ್ತು ಮೀಟರ್ ಏನೇನೂ ಅಲ್ಲ. ತೋಟದ ಅಂಚಿಗೆ ಅದೇ ಸರ್ವಸ್ವ.

ಏಕೆಂದರೆ ಮಲೆನಾಡಿನಲ್ಲಿ ತೋಟದ ಅಂಚು ಎಂದರೆ ಅಗಳು ಎಂಬ ಕಂದಕ, ಅಗಳಿನ ಆಚೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾನು, ಅಂದರೆ ದಟ್ಟ ಕಾಡು. ಅಜ್ಜನ ಕಾಲದಲ್ಲಿ ಅಗಳು ಒಂದು ಕಡೆ ಇತ್ತು, ಮೊಮ್ಮಗನ ಕಾಲಕ್ಕೆ ನಾಲ್ಕು ಮಾರು ಮೇಲೆ ಹತ್ತಿತು. ಕಾಗದದಲ್ಲಿ ಒಂದು, ನೆಲದಲ್ಲಿ ಒಂದು. ಇದನ್ನು ಕಳ್ಳತನ ಎನ್ನುವವರು ಶಿವಮೊಗ್ಗದ ಹೋಟೆಲಿನಲ್ಲಿ ಕುಳಿತು ಎನ್ನುತ್ತಾರೆ. ಹಕ್ಕು ಎನ್ನುವವರು ಚುನಾವಣೆಯ ವೇದಿಕೆಯ ಮೇಲೆ ಎನ್ನುತ್ತಾರೆ. ತೋಟದವರು ಮಾತ್ರ ಎರಡನ್ನೂ ಜೋರಾಗಿ ಹೇಳುವುದಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರಿಗೆ ತೋರಿಸಿದ್ದು ಕಾಡನ್ನು. ಆ ಕಾಡಿನಲ್ಲಿ ಗದ್ದೆ ತೋಟ ಮಾಡಿಕೊಂಡ ಎಷ್ಟೋ ಕುಟುಂಬಗಳ ಹೆಸರು ಇಂದಿಗೂ ಪಹಣಿಗೆ ಏರಿಲ್ಲ. ಹತ್ತಿರದ ಉದಾಹರಣೆ ಬೇಕೆಂದರೆ ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ಸಮಿತಿಯ 2013ರ ವರದಿ. ಯಾವ ಊರು ಪರಿಸರ ಸೂಕ್ಷ್ಮ ಪ್ರದೇಶ ಎಂಬುದನ್ನು ಉಪಗ್ರಹ ಚಿತ್ರ ನೋಡಿ ಗುರುತಿಸಿದರು. ಮೇಲಿನಿಂದ ನೋಡಿದರೆ ಅಡಿಕೆ ತೋಟವೂ ಕಾಡಿನಷ್ಟೇ ಹಸಿರು ಎಂದು ಇಲ್ಲಿಯ ಜನ ಅಂದಿನಿಂದ ಹೇಳುತ್ತಲೇ ಇದ್ದಾರೆ. ಆ ವರದಿಯ ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಕಾಡು ಉಳಿಯದಿದ್ದರೆ ನಮ್ಮ ಅಬ್ಬಿಗಳಲ್ಲಿ ನೀರು ಉಳಿಯುವುದಿಲ್ಲ. ಆದರೆ ನಮ್ಮ ನೆಲದ ನಕ್ಷೆ ಬರೆದವರು ಬರೆಯುವ ಮೊದಲು ಬಂದು ದಣಪೆಯ, ಅಂದರೆ ಬೇಲಿಯ ಬಾಗಿಲಿನ, ಬಳಿ ನಿಂತು ಕೇಳಿದ್ದು ಅಪರೂಪ ಎಂಬುದೂ ಅಷ್ಟೇ ನಿಜ.

ಹಿರಿಯರು ಅದನ್ನೇ ಹೇಳಿದರು. ಹಿಂದೊಮ್ಮೆ ಯಾರೋ ಕೈಯಲ್ಲಿ ಯಂತ್ರ ಹಿಡಿದು ಸುತ್ತು ಹಾಕಿ ಹೋದರಂತೆ. ಕಾಫಿ ಕೊಟ್ಟು ಕಳಿಸಿದರಂತೆ. ಮುಂದಿನ ವರ್ಷ ಒತ್ತುವರಿಯ ನೋಟಿಸ್ ಬಂತು. "ಅವರೂ ಸಮೀಕ್ಷೆ ಎಂದೇ ಹೇಳಿದ್ದರು ಮಾರಾಯ. ಕೆಟ್ಟವರೇನಲ್ಲ, ಪಾಪ. ಅವರಿಗೂ ಗೊತ್ತಿರಲಿಲ್ಲವೇನೋ, ಗೆರೆ ಯಾರ ಕೈಗೆ ಹೋಗುತ್ತದೆ ಎಂದು."

ಸರ್ವರ್ ಎಂದರೆ ಯಾರು? ಆವತ್ತಿನಿಂದ ನಾನು ಇದಕ್ಕೆ ಬಗೆಬಗೆಯ ಉತ್ತರ ಹೇಳಿ ನೋಡಿಕೊಂಡಿದ್ದೇನೆ. ಎಲ್ಲೋ ದೂರದಲ್ಲಿರುವ ಕಂಪ್ಯೂಟರು ಎಂದರೆ ಅದು ಯಾರದು ಎಂದು ಕೇಳುತ್ತಾರೆ. ಕೋಬೋದವರದು, ಅವರು ಲಾಭಕ್ಕಾಗಿ ದುಡಿಯುವವರಲ್ಲ ಎಂದರೆ, ನಿನಗೆ ಅವರ ಪರಿಚಯವೇ ಎಂದು ಕೇಳುತ್ತಾರೆ. ಓಡಿಕೆಯನ್ನಾದರೆ ನಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿಕೊಳ್ಳಬಹುದು ಎಂದರೆ, ನಮ್ಮದು ಎಂದರೆ ಕಾರ್ಯದರ್ಶಿಯದೇ ಎಂದು ಕೇಳುತ್ತಾರೆ. ಇವನ್ನೆಲ್ಲ ಅವರು ನಿಜವಾಗಿ ಕೇಳಲಿಲ್ಲ. ಆದರೆ ಕೇಳಿಯೇ ಕೇಳುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಾರ್ಯದರ್ಶಿಗಳು ಸಜ್ಜನರು, ಲೆಕ್ಕದಲ್ಲಿ ಶುದ್ಧ, ಬಾಯಿ ಮಾತ್ರ ಸ್ವಲ್ಪ ಸಡಿಲ. ಸಂಘದ ಜಗಲಿಯಲ್ಲಿ ಯಾರ ತೋಟಕ್ಕೆ ಎಷ್ಟು ಸಾಲ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ದಾರಿ ತೋರಿಸಿದ್ದು ಅಕ್ಕ. ಬೆಳೆ ಸಮೀಕ್ಷೆಯಲ್ಲಿ 'ಖಾಸಗಿ ನಿವಾಸಿ' ಎಂದು ಕರೆಯುವ ಸ್ಥಳೀಯ ಸಮೀಕ್ಷಕಿಯಾಗಿ ಸರ್ವೆ ನಂಬರಿನ ಒಳಗೆ ನಿಂತು ಚಿತ್ರ ತೆಗೆದು ತೆಗೆದು ಎಲ್ಲರ ಮನೆಯ ನಾಯಿಗೂ ಪರಿಚಿತರಾದವರು. "ಅಜ್ಜಯ್ಯ, ಗೆರೆ ಬೇಡ ಬಿಡಿ. ನಿಮ್ಮದು ಎಷ್ಟು ಮರ?" ಎಂದು ಕೇಳಿದರು. ಹಿರಿಯರು ತಡವರಿಸಲಿಲ್ಲ. ಹಳೆ ತೋಟದಲ್ಲಿ ಎಷ್ಟು, ಸಸಿ ತೋಟದಲ್ಲಿ ಎಷ್ಟು, ಕಳೆದ ಮಳೆಗಾಲದಲ್ಲಿ ಮುರಿದು ಬಿದ್ದದ್ದು ಎಷ್ಟು, ಎಲ್ಲ ಬಾಯಿಪಾಠ. ಮೊದಲ ಔಷಧಕ್ಕೆ ಎಷ್ಟು ಡ್ರಮ್ಮು ಬೇಕಾಯಿತು ಎಂಬುದನ್ನೂ ಸೇರಿಸಿದರು.

ನಮಗೆ ಬೇಕಾದದ್ದು ಅಷ್ಟೇ ಅಲ್ಲವೇ? ಮರಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವಾದರೆ ಇನ್ನೂರು ಲೀಟರಿನ ಡ್ರಮ್ಮಿಗೆ ಎರಡು ಕಿಲೋ ಮೈಲುತುತ್ತ, ಎರಡು ಕಿಲೋ ಸುಣ್ಣ. ಯಾವ ಊರಿಗೆ ಎಷ್ಟು ಮೈಲುತುತ್ತ ತರಿಸಿಡಬೇಕು, ದೋಟಿ ಹಿಡಿದು ಔಷಧ ಹೊಡೆಯುವವರನ್ನು ಮೊದಲು ಯಾವ ಕೇರಿಗೆ ಕಳಿಸಬೇಕು ಎಂಬುದಕ್ಕೆ ಮರದ ಲೆಕ್ಕ ಬೇಕು, ಎಕರೆ ಗುಂಟೆಯಲ್ಲ. ರೋಗ ಯಾವ ಕಡೆಯಿಂದ ಯಾವ ಕಡೆಗೆ ಹಬ್ಬುತ್ತಿದೆ ಎಂದು ನೋಡಲು ಒಂದು ಮನೆಗೆ ಒಂದು ಚುಕ್ಕೆ ಸಾಕು. "ಚುಕ್ಕೆಯನ್ನು ದಣಪೆಯ ಹತ್ತಿರ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಪಂಚಾಯಿತಿ ರಸ್ತೆ, ಯಾರು ಬೇಕಾದರೂ ಬರಬಹುದು" ಎಂದರು ಹಿರಿಯರು. ಅಲ್ಲಿ ಆಕಾಶ ಕಾಣುತ್ತದೆ. ಐದು ಮೀಟರೂ ಬೇಗ ಸಿಕ್ಕಿತು.

ಹೀಗೆ ಓಡಿಕೆ ಗೆದ್ದಿತು. ಹುಡುಗನ ಮುಖ ಸಣ್ಣದಾಯಿತು, ಆದರೆ ರಾತ್ರಿಯೇ ಕುಳಿತು ಫಾರಂ ಮಾಡಿದ. ಜಿಪಿಎಸ್ ಹಿಡಿಯದ ಕಡೆ ನಕ್ಷೆಯ ಮೇಲೆ ಬೆರಳಿನಿಂದಲೇ ಚುಕ್ಕೆ ಇಡುವ ಅನುಕೂಲವನ್ನೂ ಸೇರಿಸಿದ. ಅಕ್ಕ ಇನ್ನೊಂದು ತೂತು ಹುಡುಕಿದರು: ಎಲೆಯ ಚಿತ್ರ ತೆಗೆದಾಗ ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಚಿತ್ರದ ಹೊಟ್ಟೆಯೊಳಗೆ ಜಾಗದ ವಿವರ ಹೋಗಿ ಕೂರುತ್ತದೆ. ದಣಪೆಯಲ್ಲಿ ಚುಕ್ಕೆ ಇಟ್ಟು ತೋಟದ ತುದಿಯಲ್ಲಿ ಚಿತ್ರ ತೆಗೆದರೆ ಬಂದ ಭಾಗ್ಯವೇನು? ಈಗ ಎಲ್ಲರ ಕ್ಯಾಮೆರಾದಲ್ಲೂ ಅದನ್ನು ಆರಿಸಿದ್ದಾಗಿದೆ.

ಇಷ್ಟೆಲ್ಲ ಆದ ಮೇಲೆ ನಿನ್ನೆ ಅದೇ ಹಿರಿಯರ ಕರೆ. ಅಬ್ಬಿಯಿಂದ ಅವರ ಮನೆಗೆ ಬರುವ ನೀರಿನ ಕಾಲುವೆಯನ್ನು ಮೇಲಿನ ಮನೆಯವರು ಈ ಮಳೆಗಾಲದಲ್ಲಿ ಸದ್ದಿಲ್ಲದೆ ತಮ್ಮ ಕಡೆ ತಿರುಗಿಸಿಕೊಂಡಿದ್ದಾರಂತೆ. "ಆ ಹುಡುಗ ಇನ್ನೂ ಇದ್ದಾನೆಯೇ? ಅವನ ಯಂತ್ರದಲ್ಲಿ ಹಳೆಯ ಕಾಲುವೆಯ ಉದ್ದಕ್ಕೂ ಒಂದು ಗೆರೆ ಹಾಕಿಸಿಕೊಡಲು ಆಗುತ್ತದೆಯೇ?" ಆಗುತ್ತದೆ ಎಂದೆ. ಯಾರು ನೋಡಬೇಕು ಅದನ್ನು ಎಂದು ಕೇಳಿದೆ. "ಎಲ್ಲರೂ ನೋಡಲಿ. ತಹಶೀಲ್ದಾರರೂ ನೋಡಲಿ" ಎಂದರು.

ನನಗೆ ನಗು ಬಂತು, ಆದರೆ ಅವರ ಮಾತಿನಲ್ಲಿ ವಿರೋಧವೇನೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದವರು ತಾವಾಗಿಯೇ ಜಿಪಿಎಸ್ ಹಿಡಿಸಿ ಸುತ್ತು ಹಾಕಿಸುತ್ತಾರೆ. ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕಾದವನಿಗೆ ಆ ಗೆರೆ ಆಧಾರ. ಪಕ್ಕದ ಮನೆಯವನಿಗೆ ಅದೇ ಗೆರೆ ನೋಟಿಸ್. ಯಾವುದು ಬೇಕು ಯಾವುದು ಬೇಡ ಎಂದು ಆರಿಸುವವನು ನೆಲದ ಮೇಲೆ ಇರುವವನಾದರೆ ನನಗೆ ತಕರಾರಿಲ್ಲ. ಮೇಲಿನ ಮನೆಯವರು ಏನೆನ್ನುತ್ತಾರೋ, ಅದು ಬೇರೆ ಮಾತು. ಹುಡುಗನಿಗೆ ಮಾತ್ರ ಕ್ಯೂಫೀಲ್ಡ್ ಬಳಸಲು ಒಂದು ನೆಪ ಸಿಕ್ಕಿತೆಂದು ಹಿಗ್ಗೋ ಹಿಗ್ಗು.

ಉಳಿದಿರುವ ಜಗಳ ಒಂದೇ. ಓಡಿಕೆಯ ಫಾರಂಗಳಿಗೆ ಬೀಗ ಹಾಕಬಹುದು. ತುಂಬಿ ಮುಗಿಸಿದ ಕೂಡಲೇ ಮೊಬೈಲಿನಲ್ಲೇ ಅದು ಗೂಢಲಿಪಿಗೆ ತಿರುಗುತ್ತದೆ. ಆಮೇಲೆ ತುಂಬಿದವರೂ ತಿದ್ದಲಾರರು, ಸರ್ವರಿನಲ್ಲಿ ಇಣುಕಿದವರಿಗೂ ಅರ್ಥವಾಗದು. ತೆರೆಯಲು ಬೇಕಾದ ಕೀಲಿ ಒಂದು ಪುಟ್ಟ ಕಡತ. ಅದು ಕಳೆದುಹೋದರೆ ಊರಿನ ಎಲ್ಲ ಮರಗಳ ಲೆಕ್ಕವೂ ಕಳೆದಂತೆ, ಮತ್ತೆ ತೆರೆಯುವ ಮಂತ್ರವಿಲ್ಲ. ಅದನ್ನು ಇಟ್ಟುಕೊಳ್ಳುವವರು ಯಾರು? ಅಧ್ಯಕ್ಷರು ಮುಂದಿನ ಚುನಾವಣೆಯಲ್ಲಿ ಇರುತ್ತಾರೋ ಇಲ್ಲವೋ. ಕಾರ್ಯದರ್ಶಿಗಳ ಬಾಯಿಯ ವಿಷಯ ಆಗಲೇ ಹೇಳಿದೆ. ಹುಡುಗ ಶ್ರಾವಣಕ್ಕೆ ಬೆಂಗಳೂರಿಗೆ ವಾಪಸ್. ಕಡೆಗೆ ಅಕ್ಕನೇ ಸೂಚಿಸಿದರು: ಸಂಘದಲ್ಲಿ ಅಡವಿಟ್ಟ ಬಂಗಾರದ ತಿಜೋರಿಗೆ ಎರಡು ಬೀಗದ ಕೈ, ಇಬ್ಬರು ಒಟ್ಟಿಗೆ ಬಂದರೆ ಮಾತ್ರ ತೆರೆಯುತ್ತದೆ, ಕೀಲಿಯ ಕಡತವಿರುವ ಪೆನ್‌ಡ್ರೈವ್ ಅಲ್ಲೇ ಇರಲಿ. ಕಾರ್ಯದರ್ಶಿಗಳು ಒಪ್ಪಿದ್ದಾರೆ. ಆದರೆ ಅದನ್ನು ದಾಖಲೆ ಪುಸ್ತಕದಲ್ಲಿ ಯಾರ ಖಾತೆಗೆ, ಎಷ್ಟು ಗ್ರಾಂ ಎಂದು ಬರೆದುಕೊಳ್ಳಲಿ ಎಂದು ಕೇಳುತ್ತಿದ್ದಾರೆ.